ಆಳೆತ್ತರದ ಚಿತ್ರ ಯಾರದು?

ಜಲ್ಲಿ ಒಡೆಯುವವರನ್ನು ಕಾಣದ ಓದುಗರು ನಮ್ಮಲ್ಲಿ ಇರಲಾರರು. ರಸ್ತೆಯ ಬದಿಯಲ್ಲಿ ಮೊಣಕಾಲೂರಿ ಸುತ್ತಿಗೆ ಎತ್ತಿ ಇಳಿಸುವ ಮುದುಕ. ಒಡೆದ ಕಲ್ಲನ್ನು ಬುಟ್ಟಿಯಲ್ಲಿ ತುಂಬಿ ಸಾಗಿಸುವ ಹುಡುಗ. ನೋಡಿಯೂ ನೋಡದವರಂತೆ ದಾಟಿ ಹೋಗುವುದು ಎಲ್ಲರ ರೂಢಿ. 1849ರಲ್ಲಿ ಗುಸ್ತಾವ್ ಕೂರ್ಬೆ ಎಂಬ ಮೂವತ್ತು ವರ್ಷದ ಫ್ರೆಂಚ್ ಚಿತ್ರಗಾರನು ತನ್ನ ಊರ ಹತ್ತಿರದ ರಸ್ತೆಯಲ್ಲಿ ಇಂಥ ಇಬ್ಬರನ್ನು ಕಂಡು, ತನ್ನ ಚಿತ್ರಶಾಲೆಗೆ ಬರಹೇಳಿ, ಸುಮಾರು ಐದೂವರೆ ಅಡಿ ಎತ್ತರ, ಎಂಟೂವರೆ ಅಡಿ ಅಗಲದ ಪಟದ ಮೇಲೆ ಅವರ ಚಿತ್ರ ಬರೆದನು. 1850ರ ಡಿಸೆಂಬರ್ ಕೊನೆಯಲ್ಲಿ ತೆರೆದ ಪ್ಯಾರಿಸಿನ ಸರ್ಕಾರಿ ಚಿತ್ರಪ್ರದರ್ಶನದಲ್ಲಿ ಅದನ್ನು ತೂಗುಹಾಕಿದಾಗ ಸಭ್ಯ ಜನರೆನಿಸಿಕೊಂಡವರಲ್ಲಿ ಬಹುಮಂದಿ ಸಿಟ್ಟಾದರು.

ಸಿಟ್ಟಿಗೆ ಕಾರಣವೇನು? ಚಿತ್ರದಲ್ಲಿ ಅಶ್ಲೀಲವಾದುದು ಏನೂ ಇರಲಿಲ್ಲ. ಅರಸನನ್ನಾಗಲಿ ಪಾದ್ರಿಯನ್ನಾಗಲಿ ಹೀಯಾಳಿಸಿರಲಿಲ್ಲ. ಯಾರ ಕೈಯಲ್ಲಿಯೂ ಬಾವುಟವಿರಲಿಲ್ಲ. ಇಬ್ಬರು ಕೂಲಿಗಳು, ಒಂದು ಸುತ್ತಿಗೆ, ಒಂದು ಬುಟ್ಟಿ, ಪಕ್ಕದಲ್ಲಿ ಮಧ್ಯಾಹ್ನದ ಊಟದ ಪಾತ್ರೆ, ಇಷ್ಟೆ. ಆದರೆ ಆ ಇಬ್ಬರೂ ಆಳೆತ್ತರದಲ್ಲಿದ್ದರು. ತಪ್ಪು ಅಲ್ಲಿಯೇ ಆಗಿದ್ದುದು.

ಕೂಲಿ, ಪಾಳಿ, ತೆರಿಗೆ, ಅಂಗಡಿ ಬಾಡಿಗೆಗಳ ಮಾತಾಡಬೇಕಾದ ಪತ್ರಿಕೆ ಯೂರೋಪಿನ ಚಿತ್ರಕಲೆಯ ಮಾತನ್ನು ಏಕೆ ಎತ್ತಿತು ಎಂದು ಕೆಲವು ಮಿತ್ರರು ಕೇಳಿಯಾರು. ಚಿತ್ರವೆಂಬುದು ಉಳ್ಳವರ ಮನೆಯ ಗೋಡೆಯ ಶೋಕಿ, ಅದರಿಂದ ದುಡಿಯುವವನ ಹೊಟ್ಟೆ ತುಂಬುವುದಿಲ್ಲ ಎಂಬ ಮಾತು ನಮ್ಮ ಕಾರ್ಯಕರ್ತರ ಬಾಯಲ್ಲಿಯೂ ಬರುವುದುಂಟು. ಈ ಮಾತನ್ನು ನಾವು ಒಪ್ಪಲಾರೆವು. ಬರಿಯ ಶೋಕಿಯಾಗಿದ್ದರೆ ಆಳುವವರು ಚಿತ್ರಗಾರರನ್ನು ಸೆರೆಗೆ ಹಾಕುತ್ತಿರಲಿಲ್ಲ, ಅಚ್ಚಿನ ಕಲ್ಲುಗಳನ್ನು ಜಪ್ತಿ ಮಾಡುತ್ತಿರಲಿಲ್ಲ, ಒಬ್ಬ ಚಿತ್ರಗಾರನ ತಲೆಯ ಮೇಲೆ ಮೂವತ್ತಮೂರು ವರ್ಷದ ಕಂತಿನ ದಂಡವನ್ನು ಹೊರಿಸುತ್ತಿರಲಿಲ್ಲ. ಗೋಡೆಯ ಮೇಲೆ ಯಾರು ದೊಡ್ಡವರಾಗಿ ಕಾಣಬೇಕು, ಯಾರು ಕಾಣಲೇಬಾರದು ಎಂಬುದು ಅಧಿಕಾರದ ಪ್ರಶ್ನೆ. ಆಳುವವರಿಗೆ ಇದು ಚೆನ್ನಾಗಿ ಗೊತ್ತಿತ್ತು. ನಮಗೂ ಗೊತ್ತಿರಬೇಕು.

ಫ್ರಾನ್ಸಿನಲ್ಲಿ 1648ರಲ್ಲಿ ಅರಸನ ಆಶ್ರಯದಲ್ಲಿ ಚಿತ್ರ ಮತ್ತು ಶಿಲ್ಪಗಳ ಅಕಾಡೆಮಿ ಹುಟ್ಟಿತು. ಚಿತ್ರಗಳಲ್ಲಿ ಮೇಲು ಯಾವುದು ಕೀಳು ಯಾವುದು ಎಂಬುದು ಅಲ್ಲಿ ಗೊತ್ತಾಯಿತು. ಊಟದ ಪಂಕ್ತಿಭೇದವನ್ನು ಕಂಡುಂಡ ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮೊದಲ ಪಂಕ್ತಿ ಪುರಾಣ ಪುರುಷರಿಗೆ, ಬೈಬಲಿನ ಸಂತರಿಗೆ, ಗ್ರೀಸ್ ರೋಮುಗಳ ವೀರರಿಗೆ, ಗೆದ್ದ ಅರಸರಿಗೆ. ಅವರ ಕೆಳಗೆ ದೊಡ್ಡ ಮನುಷ್ಯರ ಮುಖಚಿತ್ರಗಳು. ಅದರ ಕೆಳಗೆ ದಿನನಿತ್ಯದ ಬಾಳಿನ ಚಿತ್ರಗಳು, ಮತ್ತೆ ಗಿಡ ಮರ ಬಯಲು, ಕಟ್ಟಕಡೆಗೆ ಹಣ್ಣು ಹೂಜಿಗಳು. ಪಟದ ಅಳತೆಯೂ ಪಂಕ್ತಿಗೆ ತಕ್ಕಂತೆ. ಬಡವರ ಚಿತ್ರವನ್ನು ಅದಕ್ಕೆ ಮುಂಚೆ ಯಾರೂ ಬರೆದಿರಲಿಲ್ಲವೆಂದಲ್ಲ. ಹಾಲೆಂಡಿನವರು ಹೆಂಡದಂಗಡಿಯನ್ನೂ ಅಡಿಗೆಮನೆಯನ್ನೂ ಬಹು ಸೊಗಸಾಗಿ ಬರೆದಿದ್ದರು; ಫ್ರಾನ್ಸಿನಲ್ಲಿಯೇ ಲ ನೇನ್ ಸೋದರರು ಹದಿನೇಳನೆಯ ಶತಮಾನದಲ್ಲಿ ರೈತ ಕುಟುಂಬಗಳನ್ನು ಗೌರವದಿಂದ ಬರೆದಿದ್ದರು. ಆದರೆ ಅವು ಸಣ್ಣ ಚಿತ್ರಗಳು. ಬಡವನು ಚಿತ್ರದೊಳಕ್ಕೆ ಬರಬಹುದು, ಆದರೆ ಕುಗ್ಗಿಕೊಂಡು ಬರಬೇಕು. ಈ ಪಂಕ್ತಿ ಹೇಗೆ ಮುರಿಯಿತು ಎಂಬುದೇ 1780ರಿಂದ 1880ರವರೆಗಿನ ಯೂರೋಪಿನ ಚಿತ್ರಕಲೆಯ ಕಥೆಯೆಂದು ನಾವು ತಿಳಿಯುತ್ತೇವೆ. ಪಂಡಿತರು ಇದನ್ನು ನವ-ಅಭಿಜಾತ, ರಮ್ಯ, ವಾಸ್ತವ ಎಂದು ಮೂರು ಪಂಥಗಳಾಗಿ ವಿಂಗಡಿಸುತ್ತಾರೆ. ಹೆಸರುಗಳು ಭಾರವಾದರೂ ವಿಷಯ ಸುಲಭವಾದುದು.

ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಶ್ರೀಮಂತರಿಗೆ ಬೇಕಾಗಿದ್ದುದು ಗುಲಾಬಿ ಕೆನ್ನೆಯ ಹೆಣ್ಣುಗಳು, ರೇಷ್ಮೆ, ಸರಸ. ಫ್ರಗೊನಾರ್ ಎಂಬಾತನು 1767ರಲ್ಲಿ ಬರೆದ ‘ಉಯ್ಯಾಲೆ’ಯಲ್ಲಿ ಒಬ್ಬ ಸಿರಿವಂತೆ ತೂಗಿಕೊಳ್ಳುತ್ತಾಳೆ, ಪ್ರಿಯಕರ ಪೊದೆಯಲ್ಲಿ ಅಡಗಿ ನೋಡುತ್ತಾನೆ. ಉಪ್ಪಿನ ಮೇಲೆಯೂ ತೆರಿಗೆ ಕೊಡುತ್ತಿದ್ದ ರೈತನ ಹಣ ಎಲ್ಲಿಗೆ ಹೋಗುತ್ತಿತ್ತೆಂದು ತಿಳಿಯಲು ಆ ಚಿತ್ರವೊಂದು ಸಾಕು. ಇದೇ ಕಾಲಕ್ಕೆ ಇಟಲಿಯಲ್ಲಿ, ಬೂದಿಯ ಕೆಳಗೆ ಹೂತುಹೋಗಿದ್ದ ಹರ್ಕ್ಯುಲೇನಿಯಮ್ ಮತ್ತು ಪಾಂಪೆ ಪಟ್ಟಣಗಳನ್ನು 1738 ಮತ್ತು 1748ರಿಂದ ಅಗೆಯಲಾರಂಭಿಸಿದ್ದರು. ಹಳೆಯ ರೋಮಿನ ಗೋಡೆ, ಪಾತ್ರೆ, ಉಡುಗೆಗಳು ಕಣ್ಣಿಗೆ ಬಿದ್ದುವು. ಸರಳ ರೇಖೆ, ಗಂಭೀರ ನಿಲುವು, ನಾಡಿಗಾಗಿ ಪ್ರಾಣ ಕೊಡುವ ಪೌರರು, ಇವು ಅರಮನೆಯ ಸರಸದಿಂದ ಬೇಸತ್ತವರಿಗೆ ಹಿಡಿಸಿದುವು. ಹಳೆಯ ಮಾದರಿಯನ್ನು ಹೊಸದಾಗಿ ಹಿಡಿದುದರಿಂದ ಇದು ನವ-ಅಭಿಜಾತ ಪಂಥವೆನಿಸಿತು.

ಈ ಪಂಥದ ಮುಂದಾಳು ಜಾಕ್ ಲೂಯಿ ದಾವೀದ್. 1784ರಲ್ಲಿ ರೋಮಿನಲ್ಲಿದ್ದುಕೊಂಡು ಅವನು ‘ಹೊರೇಷಿಯರ ಪ್ರತಿಜ್ಞೆ’ಯನ್ನು ಬರೆದನು. ಹನ್ನೊಂದು ಅಡಿ ಎತ್ತರ, ಹದಿನಾಲ್ಕು ಅಡಿ ಅಗಲ. ಮೂವರು ಅಣ್ಣತಮ್ಮಂದಿರು ತಂದೆ ಎತ್ತಿ ಹಿಡಿದ ಕತ್ತಿಗಳ ಕಡೆಗೆ ಕೈ ಚಾಚಿ ಆಣೆ ಮಾಡುತ್ತಾರೆ; ನಾಡಿಗಾಗಿ ಹೋರಾಡಬೇಕಾದುದು ಬೀಗರ ಮನೆಯವರೊಡನೆಯೇ. ಮೂಲೆಯಲ್ಲಿ ಹೆಂಗಸರು ಕುಸಿದು ಕುಳಿತಿದ್ದಾರೆ, ಯಾರು ಗೆದ್ದರೂ ಅಳಬೇಕಾದವರು ಅವರು. ಇದನ್ನು ಹಣ ಕೊಟ್ಟು ಬರೆಯಿಸಿದ್ದು ಹದಿನಾರನೆಯ ಲೂಯಿ ಅರಸನ ಸರ್ಕಾರವೇ. ಪ್ರಜೆಗಳು ನಾಡಭಕ್ತಿ ಕಲಿಯಲಿ ಎಂಬುದು ಅದರ ಎಣಿಕೆ. ಪ್ರಜೆಗಳು ಕಲಿತರು, ಆದರೆ ನಾಡು ಬೇರೆ ಅರಸ ಬೇರೆ ಎಂಬುದನ್ನೂ ಜೊತೆಗೇ ಕಲಿತರು. 1785ರಲ್ಲಿ ಪ್ಯಾರಿಸಿನಲ್ಲಿ ಆ ಚಿತ್ರ ಪ್ರದರ್ಶನವಾದ ನಾಲ್ಕು ವರ್ಷಕ್ಕೆ ಮಹಾಕ್ರಾಂತಿ ಆರಂಭವಾಯಿತು. 1793ರ ಜನವರಿಯಲ್ಲಿ ಲೂಯಿಗೆ ಮರಣದಂಡನೆ ಆಗಬೇಕೆಂದು ಮತ ಕೊಟ್ಟವರಲ್ಲಿ ಜನಪ್ರತಿನಿಧಿ ದಾವೀದನೂ ಒಬ್ಬನು. ಅದೇ ವರ್ಷದ ಆಗಸ್ಟ್ 10ರಂದು ಅರಸರ ಲೂವ್ರ್ ಅರಮನೆ ಸಾರ್ವಜನಿಕರ ಚಿತ್ರಶಾಲೆಯಾಗಿ ತೆರೆಯಿತು.

ದಾವೀದನ ಕೃತಿಗಳಲ್ಲಿ ನಮಗೆ ಹೆಚ್ಚಿನದಾಗಿ ಕಾಣುವುದು ‘ಮರಾನ ಮರಣ’. ಮರಾ ಒಬ್ಬ ಪತ್ರಿಕೆಯ ಸಂಪಾದಕ. ‘ಜನಮಿತ್ರ’ ಎಂಬುದು ಅವನ ಪತ್ರಿಕೆ. ಚರ್ಮರೋಗದಿಂದ ನರಳುತ್ತಿದ್ದ ಅವನು ನೀರಿನ ತೊಟ್ಟಿಯಲ್ಲಿ ಕುಳಿತೇ ಬರೆಯುತ್ತಿದ್ದ. 1793ರ ಜುಲೈ 13ರಂದು ಷಾರ್ಲಟ್ ಕಾರ್ದೆ ಎಂಬ ಹೆಂಗಸು ಅಲ್ಲಿಗೇ ಬಂದು ಚೂರಿಯಿಂದ ಇರಿದು ಕೊಂದಳು. ದಾವೀದನು ಅದೇ ವರ್ಷ ಆ ಚಿತ್ರ ಬರೆದನು. ಪಟದ ಮೇಲಿನ ಅರ್ಧ ಬರಿಯ ಕತ್ತಲು. ತೊಟ್ಟಿಯಿಂದ ಹೊರಕ್ಕೆ ಜೋತ ಕೈಯಲ್ಲಿ ಇನ್ನೂ ಲೇಖನಿ. ಮೇಜಿನ ಬದಲು ಒರಟು ಮರದ ಪೆಟ್ಟಿಗೆ, ಅದರ ಮೇಲೆ ಬಡ ವಿಧವೆಯೊಬ್ಬಳಿಗೆ ಕೊಡಬೇಕಾದ ಹಣದ ನೋಟು. ಸಂತರ ಸಾವಿಗೆ ಮೀಸಲಾಗಿದ್ದ ಗಾಂಭೀರ್ಯವನ್ನು ಸಾಲಗಾರನ ಮನೆಯಂಥ ಬರಿಗೋಡೆಯ ಕೋಣೆಗೆ ತಂದದ್ದು ಇಲ್ಲಿಯೇ. ಮರಾನ ರಾಜಕೀಯವೆಲ್ಲ ನಮಗೆ ಒಪ್ಪಿಗೆಯೆಂದು ಇದರ ಅರ್ಥವಲ್ಲ. ಅವನ ಲೇಖನಿ ಅನೇಕ ತಲೆಗಳನ್ನು ಕೇಳಿತ್ತು. ಚಿತ್ರ ಅದನ್ನು ಹೇಳುವುದಿಲ್ಲ.

ಮುಂದೆ ಏನಾಯಿತು? ಅದೇ ದಾವೀದನು ನೆಪೋಲಿಯನ್ನನ ಪ್ರಥಮ ಚಿತ್ರಗಾರನಾದನು. ಹೇಸರಗತ್ತೆಯ ಮೇಲೆ ಆಲ್ಪ್ಸ್ ಪರ್ವತ ದಾಟಿದ ಸೇನಾಪತಿಯನ್ನು ನೆಗೆಯುವ ಕುದುರೆಯ ಮೇಲೆ ಕೂರಿಸಿದನು. 1804ರ ಪಟ್ಟಾಭಿಷೇಕವನ್ನು ಇಪ್ಪತ್ತು ಅಡಿ ಎತ್ತರ, ಮೂವತ್ತೆರಡು ಅಡಿ ಅಗಲಕ್ಕೆ ಬರೆದನು. ಉತ್ಸವಕ್ಕೆ ಬಾರದಿದ್ದ ಚಕ್ರವರ್ತಿಯ ತಾಯಿಯನ್ನೂ ಅದರಲ್ಲಿ ಆಸನ ಹಾಕಿ ಕೂರಿಸಿದನು! ಅರಸ, ಕ್ರಾಂತಿ, ಚಕ್ರವರ್ತಿ, ಮೂವರಿಗೂ ಒಂದೇ ಕುಂಚ ದುಡಿಯಿತು. ಇಂಥ ಶೈಲಿ ಜನರ ಪರ, ಇಂಥದು ಜನವಿರೋಧಿ ಎಂದು ಅವಸರದಲ್ಲಿ ಮುದ್ರೆ ಒತ್ತುವ ನಮ್ಮ ಎಳೆಯ ವಿಮರ್ಶಕರು ಇದನ್ನು ನೆನಪಿಡುವುದು ಒಳ್ಳೆಯದು.

ಆ ಚಕ್ರವರ್ತಿಯ ಸೈನ್ಯ ಸ್ಪೇನಿಗೆ ಹೋದಾಗ ಮಾಡಿದುದು ಏನೆಂಬುದನ್ನು ಗೋಯಾ ಬರೆದನು. ಸ್ಪೇನಿನ ಆಸ್ಥಾನದ ಚಿತ್ರಗಾರನಾಗಿದ್ದ ಗೋಯಾಗೆ ಅರಮನೆಯ ಜರತಾರಿಯೂ ಗೊತ್ತಿತ್ತು, ಬೀದಿಯ ರಕ್ತವೂ ಗೊತ್ತಿತ್ತು. 1808ರ ಮೇ 2ರಂದು ಮ್ಯಾಡ್ರಿಡ್ ನಗರದ ಸಾಮಾನ್ಯ ಜನ ಫ್ರೆಂಚ್ ಸೈನ್ಯದ ವಿರುದ್ಧ ಎದ್ದರು. ಸಿಕ್ಕಿದವರನ್ನು ಫ್ರೆಂಚರು ರಾತ್ರೋರಾತ್ರಿ ಗುಂಡಿಕ್ಕಿ ಕೊಂದರು. 1814ರಲ್ಲಿ ಗೋಯಾ ಬರೆದ ‘ಮೇ 3’ ಚಿತ್ರದಲ್ಲಿ ಸಿಪಾಯಿಗಳಿಗೆ ಮುಖವಿಲ್ಲ. ಸಾಲಾಗಿ ಬೆನ್ನು, ಸಾಲಾಗಿ ಬಂದೂಕು. ನೆಲದ ಮೇಲೆ ಒಂದು ಲಾಂದ್ರ. ಅದರ ಬೆಳಕೆಲ್ಲ ಬಿಳಿ ಅಂಗಿಯ ಒಬ್ಬ ಕೂಲಿಯಾಳಿನ ಮೇಲೆ. ಅವನು ಎರಡೂ ಕೈ ಎತ್ತಿ ನಿಂತಿದ್ದಾನೆ, ಕಣ್ಣು ಬಿರಿದಿವೆ. ದಾವೀದನ ವೀರರಿಗೆ ಸಾವಿನ ಭಯವಿರಲಿಲ್ಲ. ಇವನಿಗೆ ಭಯವಿದೆ. ಈ ಭಯವೇ ನಮ್ಮನ್ನು ಅವನ ಪಕ್ಕಕ್ಕೆ ಕರೆದೊಯ್ಯುವುದು. ಯುದ್ಧದ ಘೋರಗಳ ಬಗ್ಗೆ ಗೋಯಾ ಮಾಡಿದ ಅಚ್ಚುಚಿತ್ರಗಳ ಸರಣಿ ಅವನು ಸತ್ತು ಮೂವತ್ತೈದು ವರ್ಷದ ಮೇಲೆ, 1863ರಲ್ಲಿ, ಬೆಳಕು ಕಂಡಿತು.

ಬುದ್ಧಿಗಿಂತ ಭಾವವನ್ನು, ನಿಯಮಕ್ಕಿಂತ ಒಳಗಿನ ಕುದಿಯನ್ನು ಮುಂದಿಟ್ಟ ಈ ಹೊಸ ಅಲೆಗೆ ರಮ್ಯ ಪಂಥವೆಂದು ಹೆಸರು. ಪ್ರೇಮಗೀತೆಗಳ ಸಹವಾಸದಿಂದ ‘ರಮ್ಯ’ ಎಂದೊಡನೆ ನಮಗೆ ಬೆಳದಿಂಗಳು ನೆನಪಾಗುತ್ತದೆ. ಜೆರಿಕೋ ಎಂಬ ತರುಣನು 1819ರಲ್ಲಿ ಪ್ರದರ್ಶಿಸಿದ ‘ಮೆಡುಸಾದ ತೆಪ್ಪ’ದಲ್ಲಿ ಬೆಳದಿಂಗಳಿಲ್ಲ, ಹೆಣಗಳಿವೆ. ಅದರ ಹಿಂದಿನ ಸಂಗತಿ ಹೀಗೆ: 1816ರ ಜುಲೈ 2ರಂದು ಸೆನೆಗಾಲಿಗೆ ಹೊರಟಿದ್ದ ಫ್ರೆಂಚ್ ಸರ್ಕಾರಿ ಹಡಗು ‘ಮೆಡುಸಾ’ ಆಫ್ರಿಕದ ತೀರದಲ್ಲಿ ಮರಳದಿಬ್ಬಕ್ಕೆ ಸಿಕ್ಕಿಕೊಂಡಿತು. ಅದರ ಕಪ್ತಾನನು ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಹಡಗು ನಡೆಸಿರದಿದ್ದವನು. ಮತ್ತೆ ಪಟ್ಟಕ್ಕೆ ಬಂದ ರಾಜಮನೆತನಕ್ಕೆ ನಿಷ್ಠನೆಂಬ ಒಂದೇ ಅರ್ಹತೆಯಿಂದ ಹುದ್ದೆ ದೊರೆತಿತ್ತು. ಶಿಫಾರಸಿನ ನೇಮಕದ ಫಲ ಏನೆಂಬುದು ನಮ್ಮ ಓದುಗರಿಗೆ ಹೊಸತಲ್ಲ. ದೋಣಿಗಳು ಸಾಲದಾದುವು. ಕಪ್ತಾನನೂ ಮೇಲಿನವರೂ ದೋಣಿ ಹತ್ತಿದರು. ಉಳಿದ ಸುಮಾರು 147 ಜನರನ್ನು ಹಲಗೆಗಳ ತೆಪ್ಪದ ಮೇಲೆ ತುಂಬಿ, ದೋಣಿಗಳಿಂದ ಎಳೆದೊಯ್ಯುವೆವೆಂದು ಮಾತು ಕೊಟ್ಟು, ಸ್ವಲ್ಪ ಹೊತ್ತಿನಲ್ಲಿಯೇ ಹಗ್ಗ ಕಳಚಿದರು. ಹದಿಮೂರು ದಿನಗಳ ಮೇಲೆ ಇನ್ನೊಂದು ಹಡಗು ಕಂಡಾಗ ಬದುಕಿದ್ದವರು ಹದಿನೈದು ಮಂದಿ. ಹಸಿವಿನಿಂದ ಸತ್ತವರ ಮಾಂಸವನ್ನು ತಿಂದೂ ಇದ್ದರು. ಕಪ್ತಾನನಿಗೆ ಆದ ಶಿಕ್ಷೆ ಮೂರು ವರ್ಷ ಸೆರೆ.

ಬದುಕುಳಿದವರನ್ನು ಜೆರಿಕೋ ಕಂಡು ಮಾತಾಡಿದನು. ಆಸ್ಪತ್ರೆಯ ಹೆಣಗಳನ್ನು ನೋಡಿ ಮೈಯ ಬಣ್ಣ ಕೆಡುವ ಬಗೆಯನ್ನು ಅಭ್ಯಾಸ ಮಾಡಿದನು. ಹದಿನಾರು ಅಡಿ ಎತ್ತರ, ಇಪ್ಪತ್ತಮೂರೂವರೆ ಅಡಿ ಅಗಲ. ಸಾಮ್ರಾಟರಿಗೆ ಸಲ್ಲುತ್ತಿದ್ದ ಅಳತೆ ಇದು. ಇದರಲ್ಲಿ ರೋಮಿನ ವೀರನಿಲ್ಲ, ಅರಸನಿಲ್ಲ. ಸರ್ಕಾರದ ಹೊಣೆಗೇಡಿತನಕ್ಕೆ ಬಲಿಯಾದ ನಾವಿಕರೂ ಸಿಪಾಯಿಗಳೂ ಇದ್ದಾರೆ. ಮೈಗಳೆಲ್ಲ ಒಂದರ ಮೇಲೊಂದು ಏರಿ ಗೋಪುರವಾಗಿ, ಅದರ ತುದಿಯಲ್ಲಿ, ದೂರದ ಹಡಗಿಗೆ ಬಟ್ಟೆ ಬೀಸುವವನು ಒಬ್ಬ ಕಪ್ಪು ಮನುಷ್ಯ. ಗುಲಾಮರ ವ್ಯಾಪಾರ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ ಅವನನ್ನು ಎಲ್ಲರಿಗಿಂತ ಮೇಲೆ ನಿಲ್ಲಿಸಿದ ಜೆರಿಕೋನ ಎದೆಗಾರಿಕೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಅವನು ಮೂವತ್ತೆರಡನೆಯ ವಯಸ್ಸಿಗೆ, 1824ರಲ್ಲಿ, ತೀರಿಕೊಂಡನು. ಇಂಗ್ಲೆಂಡಿನ ಟರ್ನರನೂ 1840ರಲ್ಲಿ, ರೋಗಿಗಳಾದ ಗುಲಾಮರನ್ನು ಹಡಗಿನಿಂದ ಕಡಲಿಗೆ ಎಸೆಯುವ ಚಿತ್ರ ಬರೆದನು. 1781ರಲ್ಲಿ ಒಂದು ಬ್ರಿಟಿಷ್ ಹಡಗಿನವರು ಹಾಗೆ ನೂರಕ್ಕೂ ಹೆಚ್ಚು ಜನರನ್ನು ಎಸೆದು, ಕಳೆದುಹೋದ ಸರಕೆಂದು ವಿಮೆಯ ಹಣ ಕೇಳಿದ್ದರು. ವ್ಯಾಪಾರದ ಲೆಕ್ಕಪುಸ್ತಕ ಅಷ್ಟರ ಮಟ್ಟಿಗೂ ಇಳಿಯಬಲ್ಲುದು.

ರಮ್ಯ ಪಂಥದ ಎಲ್ಲವೂ ಇಂಥದೇ ಎಂದು ತಿಳಿಯಬಾರದು. ಊರಿನ ಹೊಗೆ, ಕೊಳಕು ನೋಡಲಾರದೆ ಮಂಜಿನ ಬೆಟ್ಟಕ್ಕೂ ಹಾಳು ಕೋಟೆಗೂ ಓಡಿಹೋದವರು ಬಹಳ. ‘ಪೂರ್ವ ದೇಶ’ವೆಂಬ ಕನಸಿಗೆ ಓಡಿದವರೂ ಬಹಳ. ಫ್ರಾನ್ಸು 1830ರಲ್ಲಿ ಅಲ್ಜೀರಿಯವನ್ನು ಆಕ್ರಮಿಸಿತು. ಎರಡು ವರ್ಷದಲ್ಲಿ ದೆಲಕ್ರ್ವಾ ಅಲ್ಲಿಗೆ ಹೋಗಿ ಬಂದು ಜನಾನದ ಹೆಂಗಸರನ್ನು ಬರೆದನು. ಬಣ್ಣ ಅದ್ಭುತವಾಗಿದೆ. ಆದರೆ ಗೆದ್ದ ಸೈನ್ಯದ ಹಿಂದೆ ನಡೆದು ಬಂದ ಕಣ್ಣು ಅದು ಎಂಬುದನ್ನು ಪರರ ಆಳ್ವಿಕೆ ಉಂಡ ನಾವು ಮರೆಯುವಂತಿಲ್ಲ.

ಆ ದೆಲಕ್ರ್ವಾನದೇ ಇನ್ನೊಂದು ಚಿತ್ರ ಲೋಕಪ್ರಸಿದ್ಧವಾದುದು. 1830ರ ಜುಲೈ ತಿಂಗಳಿನಲ್ಲಿ ಮೂರು ದಿನದ ಬೀದಿ ಕಾಳಗದಲ್ಲಿ ಪ್ಯಾರಿಸಿನ ಜನ ಹತ್ತನೆಯ ಷಾರ್ಲ್ ಅರಸನನ್ನು ಓಡಿಸಿದರು. ‘ಜನರನ್ನು ಮುನ್ನಡೆಸುವ ಸ್ವಾತಂತ್ರ್ಯ’ ಅದರ ಚಿತ್ರ. ಮೂರು ಬಣ್ಣದ ಬಾವುಟ ಹಿಡಿದ ಹೆಣ್ಣು, ಅವಳ ಪಕ್ಕದಲ್ಲಿ ಎರಡು ಪಿಸ್ತೂಲಿನ ಬೀದಿ ಹುಡುಗ, ಎತ್ತರದ ಟೋಪಿಯ ಪೇಟೆಯವನು, ಕತ್ತಿ ಹಿಡಿದ ಕಾರ್ಮಿಕ. ಕಾಲ ಕೆಳಗೆ ಸತ್ತವರು. ಹೊಸ ಸರ್ಕಾರ ಅದನ್ನು 3,000 ಫ್ರಾಂಕಿಗೆ ಕೊಂಡಿತು, ಸ್ವಲ್ಪ ಕಾಲ ತೋರಿಸಿತು, ಆಮೇಲೆ ಅಡಗಿಸಿಟ್ಟಿತು. ಲೂವ್ರ್ ಸೇರಿದ್ದು 1874ರಲ್ಲಿ. 2024ರ ಮೇ ತಿಂಗಳಿನಲ್ಲಿ, ಹಳದಿಗಟ್ಟಿದ್ದ ಮೆರುಗೆಣ್ಣೆಯನ್ನೆಲ್ಲ ತೆಗೆದು, ಅದನ್ನು ಮತ್ತೆ ಗೋಡೆಗೆ ಏರಿಸಿದ್ದಾರೆ.

ಅಡಗಿಸಿಟ್ಟದ್ದು ಏಕೆ? ಕಾಳಗದಲ್ಲಿ ಸತ್ತವರು ಕೈಕಸುಬಿನವರು, ಕೂಲಿಗಳು. ಪಟ್ಟ ಏರಿದವನು ಸಾಹುಕಾರರ ಮಿತ್ರನಾದ ಲೂಯಿ ಫಿಲಿಪ್. ಲಿಯೋಂ ನಗರದ ರೇಷ್ಮೆ ನೇಕಾರರು ಮರುವರ್ಷವೇ ಇದನ್ನು ಮೈಮೇಲೆ ಕಂಡರು. ನೇಯ್ಗೆಗೆ ಇಷ್ಟಕ್ಕೆ ಕಡಿಮೆ ಕೊಡಕೂಡದೆಂಬ ದರಪಟ್ಟಿ 1831ರ ಅಕ್ಟೋಬರಿನಲ್ಲಿ ಜಿಲ್ಲಾಧಿಕಾರಿಯ ಎದುರಿನಲ್ಲಿಯೇ ಗೊತ್ತಾಗಿತ್ತು. ವರ್ತಕರಲ್ಲಿ ಹಲವರು ಇದು ವ್ಯಾಪಾರದ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು ಮಾತಿಗೆ ತಪ್ಪಿದರು. ಸ್ವಾತಂತ್ರ್ಯ! ಬಾವುಟ ಹಿಡಿದಿದ್ದ ಅದೇ ಹೆಣ್ಣಿನ ಹೆಸರು. ನವೆಂಬರ್ 21ರಂದು ನೇಕಾರರು ಎದ್ದರು, ನಗರ ಅವರ ವಶವಾಯಿತು. ಡಿಸೆಂಬರಿನಲ್ಲಿ ಸುಮಾರು 20,000 ಸೈನಿಕರು ಬಂದರು, ದರಪಟ್ಟಿ ರದ್ದಾಯಿತು.

1834ರ ಏಪ್ರಿಲಿನಲ್ಲಿ ಲಿಯೋಂ ಮತ್ತೆ ಎದ್ದಿತು, ಪ್ಯಾರಿಸಿಗೂ ಕಿಡಿ ಹಾರಿತು. ಒಂದು ಮನೆಯಿಂದ ಗುಂಡು ಹಾರಿತೆಂದು ಸೈನಿಕರು ತ್ರಾನ್ಸ್‌ನೊನೇನ್ ಬೀದಿಯ 12ನೆಯ ಮನೆಗೆ ನುಗ್ಗಿ, ಒಳಗಿದ್ದ ಹತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದರು. ದೋಮಿಯೆ ಅದನ್ನು ಕಲ್ಲಚ್ಚಿನಲ್ಲಿ ಚಿತ್ರಿಸಿದನು: ಮಲಗುವ ಅಂಗಿಯಲ್ಲಿ ಹಾಸಿಗೆಯಿಂದ ಜಾರಿ ಬಿದ್ದ ಗಂಡಸು, ಅವನ ಮೈಯಡಿ ಸಿಕ್ಕಿದ ಮಗು, ನೆರಳಿನಲ್ಲಿ ಒಬ್ಬ ಹೆಂಗಸು, ಮಗ್ಗುಲಲ್ಲಿ ಒಬ್ಬ ಮುದುಕ. ಕಿರುಚಾಟವಿಲ್ಲ, ಆವೇಶವಿಲ್ಲ. ಬೆಳಗಾದ ಮೇಲೆ ಬಾಗಿಲು ತೆರೆದು ನೋಡಿದಂತಿದೆ. ಅರಸನನ್ನು ಬಕಾಸುರನಂತೆ ಬರೆದುದಕ್ಕಾಗಿ ದೋಮಿಯೆ 1832ರಲ್ಲಿ ಆರು ತಿಂಗಳ ಸೆರೆಮನೆಯ ಶಿಕ್ಷೆಗೆ ಗುರಿಯಾಗಿದ್ದವನು. ಈ ಸಲ ಸರ್ಕಾರ ಅಚ್ಚಿನ ಕಲ್ಲನ್ನೂ ಸಿಕ್ಕಿದ ಪ್ರತಿಗಳನ್ನೂ ಹಿಡಿದುಕೊಂಡಿತು. 1835ರಲ್ಲಿ ರಾಜಕೀಯ ವ್ಯಂಗ್ಯಚಿತ್ರಗಳನ್ನೇ ತಡೆಯುವ ಕಾನೂನು ತಂದಿತು. ಎಣ್ಣೆ ಬಣ್ಣದ ಚಿತ್ರ ಒಂದೇ ಒಂದು ಇರುತ್ತದೆ, ಅದನ್ನು ಕೊಂಡು ಬಚ್ಚಿಡಬಹುದು. ಕಲ್ಲಚ್ಚಿನ ಚಿತ್ರ ಸಾವಿರವಾಗುತ್ತದೆ, ಪ್ಯಾರಿಸಿನ ಅಂಗಡಿಯ ಕಿಟಕಿಯಲ್ಲಿ ತೂಗಿದರೆ ಕಾಸಿಲ್ಲದವನೂ ನಿಂತು ನೋಡುತ್ತಾನೆ. ಸರ್ಕಾರದ ಭಯ ಅಕಾರಣವಾದುದಲ್ಲ.

ಇಲ್ಲೊಂದು ಪಕ್ಕದ ಮಾತು. ಆ ಕಲ್ಲಚ್ಚು ನಮ್ಮಲ್ಲಿಗೂ ಬಂದಿತು. ಯೂರೋಪಿನ ಅಕಾಡೆಮಿಯ ಎಣ್ಣೆಬಣ್ಣದ ರೀತಿಯನ್ನು ಕರಗತ ಮಾಡಿಕೊಂಡ ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದರು. ಅವರ ಲಕ್ಷ್ಮಿ ಸರಸ್ವತಿಯರು ನಮ್ಮ ಅಂಗಡಿ ಅಂಗಡಿಯ ಗಲ್ಲಾದ ಮೇಲೂ, ಗುಡಿಯ ಒಳಕ್ಕೆ ಬಿಡದವರ ಮನೆಯ ಗೋಡೆಗೂ ಬಂದು ನಿಂತರು. ಇದು ಸಣ್ಣ ಸಂಗತಿಯಲ್ಲ. ಆದರೆ ಹೀಗೆ ಬಂದದ್ದು ಮೊದಲ ಪಂಕ್ತಿಯವರ ಚಿತ್ರವೇ: ದೇವರು, ಪುರಾಣ, ಅರಸು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಮೂಲಚಿತ್ರಗಳನ್ನು ಕಂಡವರಿಗೆ ಇದು ತಿಳಿಯುತ್ತದೆ. ಕೂರ್ಬೆಯ ದಾರಿ ನಮಗೆ ಬಹಳ ತಡವಾಗಿ ಬಂದಿತು.

ಕೂರ್ಬೆಯ ಚಿತ್ರ ಹುಟ್ಟಿದ ಕಾಲವನ್ನು ನೆನೆಯಬೇಕು. 1848ರ ಫೆಬ್ರವರಿಯಲ್ಲಿ ಲೂಯಿ ಫಿಲಿಪ್ ಓಡಿಹೋದನು. ಗಂಡಸರೆಲ್ಲರಿಗೂ ಮತದ ಹಕ್ಕು ಬಂದಿತು, ನಿರುದ್ಯೋಗಿಗಳಿಗೆ ಸರ್ಕಾರಿ ಕಾರ್ಯಾಗಾರಗಳು ತೆರೆದುವು. ಜೂನ್ ತಿಂಗಳಿನಲ್ಲಿ ಅವನ್ನು ಮುಚ್ಚಲು ಹೊರಟಾಗ ಪ್ಯಾರಿಸಿನ ಕಾರ್ಮಿಕರು ಎದ್ದರು. ನಾಲ್ಕು ದಿನದಲ್ಲಿ ಸಾವಿರಾರು ಜನ ಸತ್ತರು. ಮರುವರ್ಷ ಕಲ್ಲೊಡೆಯುವವರು ಪಟದ ಮೇಲೆ ಬಂದರು. ಮುದುಕನ ಮುಖಕ್ಕೆ ಟೋಪಿಯ ನೆರಳು, ಹುಡುಗನ ಮುಖ ಆಚೆಗೆ. ಹರಕು ಅಂಗಿ, ಹಿಮ್ಮಡಿ ಹರಿದ ಕಾಲುಚೀಲ. ಕೂರ್ಬೆ ಗಾರೆಯವನು ಕರಣೆಯಿಂದ ಗಾರೆ ಮೆತ್ತುವಂತೆ ಅಲಗಿನಿಂದ ಬಣ್ಣ ಮೆತ್ತುತ್ತಿದ್ದವನು. ಕಲ್ಲಿಗೂ ಮೈಗೂ ಒಂದೇ ಒರಟು. ಒಬ್ಬನು ಈ ಕೆಲಸಕ್ಕೆ ಬಹಳ ಮುದುಕ, ಇನ್ನೊಬ್ಬನು ಬಹಳ ಎಳೆಯ. ನಡುಪ್ರಾಯ ಎಲ್ಲಿ ಹೋಯಿತು ಎಂದು ಚಿತ್ರ ಕೇಳುತ್ತದೆ.

ಅದೇ ಪ್ರದರ್ಶನದಲ್ಲಿ ಅವನ ‘ಓರ್ನಾಂ ಊರಿನ ಶವಸಂಸ್ಕಾರ’ವೂ ಇದ್ದಿತು. ಹತ್ತು ಅಡಿ ಎತ್ತರ, ಇಪ್ಪತ್ತೆರಡು ಅಡಿ ಅಗಲ. ನಮ್ಮ ತಾಲ್ಲೂಕು ಪಟ್ಟಣದ ಪೇಟೆಯವರಂಥ ಜನ: ಊರಿನ ಮುಖ್ಯಸ್ಥ, ಪಾದ್ರಿ, ಗುಂಡಿ ತೋಡುವವ, ಕರಿಬಟ್ಟೆಯ ಹೆಂಗಸರು, ಒಂದು ನಾಯಿ. ಊರವರೇ ಬಂದು ನಿಂತು ಬರೆಯಿಸಿಕೊಂಡರು. ಸತ್ತವನು ಯಾರೆಂದು ಕೂರ್ಬೆ ಹೇಳಲಿಲ್ಲ. ಯಾರಾದರೇನು? ಸ್ವರ್ಗ ತೆರೆಯುವುದಿಲ್ಲ, ದೇವದೂತರು ಇಳಿಯುವುದಿಲ್ಲ, ಬಾಯ್ದೆರೆದ ಗುಂಡಿ ನಮ್ಮ ಕಾಲ ಬುಡದಲ್ಲಿಯೇ ಇದೆ. ಕುರೂಪವೆಂದು ವಿಮರ್ಶಕರು ಕೂಗಿದರು. ಇಂಥ ಚಿತ್ರವನ್ನು ಒಳಕ್ಕೆ ಬಿಟ್ಟದ್ದಾದರೂ ಹೇಗೆ? 1849ರಲ್ಲಿ ಇನ್ನೊಂದು ಚಿತ್ರಕ್ಕೆ ಅವನಿಗೆ ಪದಕ ಬಂದಿತ್ತು; ಪದಕ ಪಡೆದವರು ತೀರ್ಪುಗಾರರ ಮುಂದೆ ನಿಲ್ಲಬೇಕಿರಲಿಲ್ಲ. ಅಧಿಕಾರಿಗಳು ತಾವೇ ಕೊಟ್ಟ ಬೀಗದ ಕೈಯಿಂದ ಅವನು ಬಾಗಿಲು ತೆಗೆದನು. 1855ರ ಮಹಾಪ್ರದರ್ಶನದಲ್ಲಿ ಅವನ ದೊಡ್ಡ ಚಿತ್ರಗಳನ್ನು ಹೊರಗಿಟ್ಟಾಗ ಹತ್ತಿರದಲ್ಲಿಯೇ ಸ್ವಂತ ಚಪ್ಪರ ಎಬ್ಬಿಸಿ, ‘ವಾಸ್ತವ ಪಂಥ’ ಎಂದು ಬೋರ್ಡು ಹಾಕಿ, ತಲೆಗೆ ಒಂದು ಫ್ರಾಂಕ್ ಟಿಕೆಟ್ ಇಟ್ಟನು. ಜನ ಅಷ್ಟಾಗಿ ಬರಲಿಲ್ಲ. ಪಂಥಕ್ಕೆ ಹೆಸರಂತೂ ಉಳಿಯಿತು.

ಮಿಲೆ ಬೇರೆ ಬಗೆಯವನು, ರೈತರ ಮನೆಯ ಮಗ, ರಾಜಕೀಯದ ಗದ್ದಲ ಬೇಡವೆಂದವನು. 1857ರ ಅವನ ಚಿತ್ರದಲ್ಲಿ ಕೊಯ್ಲಾದ ಹೊಲದಲ್ಲಿ ಮೂವರು ಹೆಂಗಸರು ಬಗ್ಗಿ ಹಕ್ಕಲು ಆಯುತ್ತಾರೆ. ದೂರದಲ್ಲಿ ಬೆಟ್ಟದಂಥ ಬಣವೆಗಳು, ಕುದುರೆಯ ಮೇಲೆ ಮೇಸ್ತ್ರಿ. ಚಿತ್ರ ಮೂರು ಅಡಿ ಎತ್ತರವೂ ಇಲ್ಲ. ಆದರೂ ಒಬ್ಬ ವಿಮರ್ಶಕನಿಗೆ ಆ ಮೂವರ ಬೆನ್ನ ಹಿಂದೆ 1793ರ ವಧಾಸ್ತಂಭ ಕಂಡಿತಂತೆ. ಕಾಳು ಆಯುವ ಹೆಂಗಸಿನ ಬಾಗಿದ ಬೆನ್ನು ಉಳ್ಳವನ ಕಣ್ಣಿಗೆ ಹೀಗೆ ಕಾಣುವುದಾದರೆ, ಅವನ ಮನಸ್ಸಿನಲ್ಲಿ ಯಾವ ಲೆಕ್ಕ ಬಾಕಿಯಿತ್ತೆಂದು ಊಹಿಸಬಹುದು.

ನಮ್ಮ ಗಿರಣಿ ಮಿತ್ರರಿಗಾಗಿ ಜರ್ಮನಿಯ ಎರಡು ಚಿತ್ರಗಳ ಮಾತು. 1844ರಲ್ಲಿ ಹ್ಯೂಬ್ನರ್ ಎಂಬಾತನು ಸೈಲೀಸಿಯದ ನೇಕಾರರನ್ನು ಬರೆದನು. ಮಾಲೀಕನು ನೇಕಾರರು ತಂದ ಬಟ್ಟೆಯಲ್ಲಿ ಕುಂದು ತೆಗೆದು ಹಿಂದಕ್ಕೆ ತಳ್ಳುತ್ತಾನೆ, ಒಬ್ಬ ಹೆಂಗಸು ಬವಳಿ ಬಂದು ಕುಸಿಯುತ್ತಾಳೆ. ಅದೇ ವರ್ಷದ ಜೂನಿನಲ್ಲಿ ಆ ನೇಕಾರರು ದಂಗೆ ಎದ್ದರು, ಪ್ರಷ್ಯದ ಸೈನ್ಯ ಹನ್ನೊಂದು ಜನರನ್ನು ಗುಂಡಿಕ್ಕಿ ಕೊಂದಿತು. ಎಂಗೆಲ್ಸರು ಈ ಚಿತ್ರದ ಪ್ರಭಾವವನ್ನು ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಬಹಳವಾಗಿ ಹೊಗಳಿದರು. ಚಿತ್ರ ಸ್ವಲ್ಪ ನಾಟಕೀಯವಾಗಿದೆ ಎಂಬುದು ನಮ್ಮ ಅಭಿಪ್ರಾಯ. ಅದಕ್ಕಿಂತ ಮೇಲಾದುದು ಮೆಂಜೆಲನು 1872ರಿಂದ 1875ರವರೆಗೆ ಬರೆದ ‘ಕಬ್ಬಿಣದ ಗಿರಣಿ’. ಅದೇ ಸೈಲೀಸಿಯದ ರೈಲುಕಂಬಿ ಮಾಡುವ ಕಾರ್ಖಾನೆ. ನಡುವೆ ಕಾದು ಬಿಳುಪೇರಿದ ಕಬ್ಬಿಣ, ಇಕ್ಕಳ ಹಿಡಿದು ಮೈ ವಾಲಿಸಿದ ಆಳುಗಳು, ಒಂದು ಕಡೆ ಪಾಳಿ ಮುಗಿಸಿ ಮೈ ತೊಳೆಯುವವರು, ಮುಂದುಗಡೆ ಮೂಲೆಯಲ್ಲಿ ಬುತ್ತಿ ಉಣ್ಣುವವರು, ಬುತ್ತಿ ತಂದ ಹುಡುಗಿ. ಮೆಂಜೆಲ್ ಸಮಾಜವಾದಿಯಲ್ಲ, ಅರಸ ಫ್ರೆಡರಿಕನ ಕೊಳಲು ಕಚೇರಿಯನ್ನು ಬರೆದು ಹೆಸರಾದವನು. ಆದರೆ ಪಾಳಿ ಬದಲಾಗುವ ಹೊತ್ತು ಎಂದರೇನೆಂದು ಕಣ್ಣಿಟ್ಟು ನೋಡಿದ್ದನು. 1934ರಿಂದ ಸೋವಿಯತ್ ರಷ್ಯದಲ್ಲಿ ವಾಸ್ತವಪಂಥವನ್ನು ಸರ್ಕಾರದ ಆಜ್ಞೆಯಾಗಿ ಮಾಡಿದರು. ಅಲ್ಲಿ ಟ್ರ್ಯಾಕ್ಟರಿನ ಮೇಲೆ ಕುಳಿತು ನಗುವ ಕೆಂಗೆನ್ನೆಯ ಕಾರ್ಮಿಕರಿಗಿಂತ, ನಗದೆ ಉಣ್ಣುವ ಮೆಂಜೆಲನ ಆಳುಗಳು ನಮಗೆ ಹೆಚ್ಚು ಬೇಕಾದವರು. ಆಜ್ಞೆಯ ಮೇಲೆ ಬರೆದದ್ದು, ಎಷ್ಟಾದರೂ, ಬಾರದ ತಾಯಿಯನ್ನು ಪಟ್ಟಾಭಿಷೇಕದಲ್ಲಿ ಕೂರಿಸಿದ ಚಿತ್ರದ ಜಾತಿಯದೇ.

ಬಡವರು ಪಟದ ಮೇಲೆ ಬಂದರು. ಪಟ ಮಾತ್ರ ಸಾಹುಕಾರರ ಮನೆಗೆ ಹೋಯಿತು. ಮಿಲೆ 1875ರಲ್ಲಿ ಸತ್ತನು. ಹೊಲದಲ್ಲಿ ತಲೆ ಬಾಗಿಸಿ ಸಂಜೆಯ ಪ್ರಾರ್ಥನೆ ಮಾಡುವ ರೈತ ದಂಪತಿಗಳ ಅವನ ಚಿತ್ರ 1889ರಲ್ಲಿ ಹರಾಜಿನಲ್ಲಿ 5,53,000 ಫ್ರಾಂಕಿಗೆ ಹೋಯಿತು. ಮರುವರ್ಷ ಪ್ಯಾರಿಸಿನ ಒಂದು ದೊಡ್ಡ ಅಂಗಡಿಯ ಒಡೆಯ ಷೋಷಾರ್ 8,00,000 ಕೊಟ್ಟು ಕೊಂಡನು. ಅದರಲ್ಲಿ ಮಿಲೆಯ ಮನೆಯವರಿಗೆ ಒಂದು ಕಾಸೂ ಇರಲಿಲ್ಲ. ಈ ಅನ್ಯಾಯದ ಕೂಗಿನಿಂದಲೇ, ಚಿತ್ರ ಮರುಮಾರಾಟವಾದಾಗಲೆಲ್ಲ ಕಲಾವಿದನಿಗೂ ಅವನ ವಾರಸುದಾರರಿಗೂ ಒಂದು ಪಾಲು ಸಲ್ಲಬೇಕೆಂಬ ಕಾನೂನು ಫ್ರಾನ್ಸಿನಲ್ಲಿ 1920ರಲ್ಲಿ ಬಂದಿತು.

ಇನ್ನು ಕೂರ್ಬೆಯ ಕೊನೆ. 1871ರ ಮಾರ್ಚಿಯಲ್ಲಿ ಪ್ಯಾರಿಸಿನ ಜನ ಕಮ್ಯೂನ್ ಸ್ಥಾಪಿಸಿದರು. ಕೂರ್ಬೆ ಏಪ್ರಿಲಿನಲ್ಲಿ ಅದರ ಸದಸ್ಯನಾಗಿ ಚುನಾಯಿತನಾದನು. ನೆಪೋಲಿಯನ್ನನ ವಿಜಯಸ್ತಂಭವನ್ನು ಮೇ 16ರಂದು ಕಮ್ಯೂನು ಉರುಳಿಸಿತು. ಅದನ್ನು ಬಿಚ್ಚಿ ತೆಗೆಯಬೇಕೆಂದು ಹಿಂದಿನ ವರ್ಷ ಸೂಚಿಸಿದ್ದವನು ಕೂರ್ಬೆ ನಿಜ. ಆದರೆ ಉರುಳಿಸುವ ನಿರ್ಣಯವಾದಾಗ ಅವನು ಇನ್ನೂ ಸದಸ್ಯನೇ ಆಗಿರಲಿಲ್ಲ. ಕಮ್ಯೂನನ್ನು ರಕ್ತದಲ್ಲಿ ಅದ್ದಿದ ಮೇಲೆ ಸರ್ಕಾರ ಅವನಿಗೆ ಆರು ತಿಂಗಳ ಸೆರೆ ವಿಧಿಸಿತು. ಅಷ್ಟಕ್ಕೆ ತಣಿಯದೆ, ಸ್ತಂಭವನ್ನು ಮತ್ತೆ ನಿಲ್ಲಿಸುವ ಖರ್ಚೆಲ್ಲ ಅವನದೇ ಎಂದಿತು. 1873ರಲ್ಲಿ ಅವನು ಸ್ವಿಟ್ಜರ್ಲೆಂಡಿಗೆ ದಾಟಿದನು. ಲೆಕ್ಕ 3,23,091 ಫ್ರಾಂಕ್ 68 ಸಾಂತೀಮಿಗೆ ನಿಂತಿತು; ವರ್ಷಕ್ಕೆ ಹತ್ತು ಸಾವಿರದಂತೆ ಮೂವತ್ತಮೂರು ವರ್ಷ ತೀರಿಸಬೇಕು. ಅರವತ್ತಕ್ಕೆ ಹತ್ತಿರವಾದ ಮನುಷ್ಯ ತೊಂಬತ್ತು ದಾಟಿ ಬದುಕಿದರೆ ಸಾಲ ತೀರುವ ಲೆಕ್ಕ! ಮೊದಲ ಕಂತು ಬರುವ ಹಿಂದಿನ ದಿನ, 1877ರ ಡಿಸೆಂಬರ್ 31ರಂದು, ಕೂರ್ಬೆ ತೀರಿಕೊಂಡನು.

ಅವನ ತಂಗಿ ‘ಶವಸಂಸ್ಕಾರ’ವನ್ನು 1881ರಲ್ಲಿ ಫ್ರಾನ್ಸಿಗೇ ಕೊಟ್ಟಳು. ಅದೂ ಹಕ್ಕಲಾಯುವ ಹೆಂಗಸರೂ ಈಗ ಪ್ಯಾರಿಸಿನ ಓರ್ಸೆ ಸಂಗ್ರಹಾಲಯದಲ್ಲಿ ಇವೆ. 1900ರಲ್ಲಿ ರೈಲು ನಿಲ್ದಾಣವಾಗಿ ಕಟ್ಟಿ, 1986ರಲ್ಲಿ ಸಂಗ್ರಹಾಲಯವಾಗಿ ತೆರೆದ ಕಟ್ಟಡವದು. ಕಲ್ಲೊಡೆಯುವವರ ಆ ದೊಡ್ಡ ಪಟ ಅಲ್ಲಿಲ್ಲ. ಅದು ಜರ್ಮನಿಯ ಡ್ರೆಸ್ಡೆನ್ ಚಿತ್ರಶಾಲೆಯ ಸೊತ್ತಾಗಿತ್ತು. 1945ರ ಫೆಬ್ರವರಿಯಲ್ಲಿ ಬೇರೆ ಚಿತ್ರಗಳ ಜೊತೆ ವಾಹನದಲ್ಲಿ ಸಾಗಿಸುತ್ತಿದ್ದಾಗ ಬಾಂಬಿಗೆ ಸಿಕ್ಕಿ ಉರಿದುಹೋಯಿತು. ಅದಕ್ಕೆ ಮೊದಲು ತೆಗೆದಿದ್ದ ಛಾಯಾಚಿತ್ರಗಳಿಂದ ನಾವು ಅದನ್ನು ನೋಡುತ್ತಿದ್ದೇವೆ.